ತಪ್ಪು ಬರೆದವರು ಅವರು, ಅಲೆಯುವವರು ನಾವು

ನಮ್ಮ ಕಡೆ ಒಂದು ಹಳೇ ತಮಾಷೆ ಇದೆ. ಜೂನ್ 1 ಬಂತೆಂದರೆ ಅರ್ಧ ಊರಿನ ಹುಟ್ಟುಹಬ್ಬ. ಅವತ್ತು ವಾಟ್ಸ್‌ಆ್ಯಪ್ ಗ್ರೂಪ್ ತೆರೆದರೆ ಬರೀ ಕೇಕಿನ ಚಿತ್ರ. ಅಣ್ಣನದೂ ಜೂನ್ 1, ತಮ್ಮನದೂ ಜೂನ್ 1, ಹಿಂದಿನ ಓಣಿಯ ಅತ್ತಿಗೆಯದೂ ಜೂನ್ 1.

ಇದು ಹೇಗಾಯಿತು ಎಂದು ಎಲ್ಲರಿಗೂ ಗೊತ್ತು. ಮಗನ ಕೈ ಹಿಡಿದು ಶಾಲೆಗೆ ಬಂದ ತಾಯಿ, "ಶೀಗಿ ಹುಣ್ಣಿಮಿ ಮುಂದ ಹುಟ್ಯಾನ್ರೀ ಸರ, ಬಿಳಿಜೋಳ ಬಿತ್ತೂ ಹೊತ್ತಿನ್ಯಾಗ" ಅನ್ನುತ್ತಿದ್ದಳು. ಹುಣ್ಣಿಮೆ ಬರೆದುಕೊಳ್ಳಲು ದಾಖಲಾತಿ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಒಂದನೇ ಕ್ಲಾಸಿಗೆ ಇಷ್ಟು ವಯಸ್ಸಾಗಿರಬೇಕು ಎಂಬ ನಿಯಮ ಮಾತ್ರ ಇತ್ತು. ಹೆಡ್ ಮಾಸ್ತರು ಬೆರಳೆಣಿಸಿ, ಲೆಕ್ಕ ಕೂಡುವ ಹಾಗೆ ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನ ಮಾಡಿ, "ಆತು, ಹೋಗಿ ಬಾರವ್ವ" ಅಂದರು. ತಾಯಿ ಹೆಬ್ಬೆಟ್ಟು ಒತ್ತಿ ಮನೆಗೆ ಬಂದಳು.

ಈ ತಮಾಷೆಗೆ ನಾವು ನಗುವುದು ಮನೆಯಲ್ಲಿ ಯಾರಾದರೂ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ತನಕ.

ನಮ್ಮ ತಂಡದ ಗೆಳೆಯನೊಬ್ಬನ ಅಣ್ಣ ಲಾರಿ ಡ್ರೈವರ್. ಕೊಲ್ಲಿ ದೇಶದಲ್ಲಿ ಟ್ರೇಲರ್ ಓಡಿಸುವ ಕೆಲಸ ಗೊತ್ತಾಯಿತು. 1,500 ರೂಪಾಯಿ ಕಟ್ಟಿ ಅರ್ಜಿ ಹಾಕಿದ. ಬೆಳಗಿನ ಬಸ್ ಹಿಡಿದು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದ. ಎ ಕೌಂಟರಿನಲ್ಲಿ ಫೋಟೋ, ಬೆರಳಚ್ಚು ಆಯಿತು. ಬಿ ಕೌಂಟರಿನಲ್ಲಿ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಜೂನ್ 1. ಆಧಾರ್‌ನಲ್ಲಿ ಜನವರಿ 1. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಜೊತೆ ಮನೆತನದ ಹೆಸರಿದೆ, ಆಧಾರ್‌ನಲ್ಲಿ ಇಲ್ಲ.

"ಇವರಿಬ್ಬರಲ್ಲಿ ನೀವು ಯಾರ್ರೀ?"

"ಸರ, ಇಬ್ಬರೂ ನಾನ ರೀ."

ಅರ್ಜಿ ಹೋಲ್ಡ್ ಆಯಿತು. ಆಧಾರ್ ತಿದ್ದಿಸಲು ಹೋದರೆ ಇನ್ನೊಂದು ಗಂಟು. ಆಧಾರ್‌ನಲ್ಲಿ ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಾಯಿಸಬಹುದು. ಆ ಒಂದು ಸಲವನ್ನು ಹಿಂದೆ ಯಾವುದೋ ಸಬ್ಸಿಡಿ ಅರ್ಜಿಯ ಅವಸರದಲ್ಲಿ, ಸೆಂಟರಿನ ಹುಡುಗ ಕೇಳಿದ್ದಕ್ಕೆ ಹೂಂ ಅಂದು ಆಗಲೇ ಕಳೆದುಕೊಂಡಿದ್ದ. ಇನ್ನೊಮ್ಮೆ ತಿದ್ದಬೇಕೆಂದರೆ ಪ್ರಾದೇಶಿಕ ಕಚೇರಿಯ ಒಪ್ಪಿಗೆ ಬೇಕು. ಆ ಕಚೇರಿ ಇರುವುದು ಬೆಂಗಳೂರಿನಲ್ಲಿ. ಕಂಪನಿಯವರು ಒಂದೂವರೆ ತಿಂಗಳು ಕಾದು ಬೇರೆಯವರನ್ನು ತೆಗೆದುಕೊಂಡರು. ಪಾಸ್‌ಪೋರ್ಟ್ ಕೊನೆಗೂ ಬಂತು. ಕೆಲಸ ಹೋಗಿತ್ತು. ಹೋಗುವ ಖರ್ಚಿಗೆಂದು ತಂದ ಕೈಗಡದ ಬಡ್ಡಿ ಇನ್ನೂ ನಡೆದಿದೆ.

ಈ ಕಥೆಯಲ್ಲಿ ನಾವು ಒಂದೇ ಪ್ರಶ್ನೆ ಕೇಳುತ್ತೇವೆ. ಆ ಅಣ್ಣ ಈ ಕಾಗದಗಳಲ್ಲಿ ಒಂದಾದರೂ ಅಕ್ಷರವನ್ನು ತನ್ನ ಕೈಯಾರೆ ಬರೆದಿದ್ದನೇ?

ಇಲ್ಲ. ದಾಖಲಾತಿ ಪುಸ್ತಕ ಬರೆದವರು ಶಾಲೆಯವರು. ಆಧಾರ್ ಟೈಪ್ ಮಾಡಿದ್ದು ಕ್ಯಾಂಪಿಗೆ ಬಂದ ಆಪರೇಟರ್. ವೋಟರ್ ಪಟ್ಟಿ ಬರೆದಿದ್ದು ಮನೆ ಬಾಗಿಲಿಗೆ ಬಂದ ನೌಕರರು. ರೇಷನ್ ಕಾರ್ಡ್ ಆಹಾರ ಇಲಾಖೆಯದು. ಎಲ್ಲ ಬರವಣಿಗೆ ಸರ್ಕಾರದ್ದು ಅಥವಾ ಸರ್ಕಾರ ನೇಮಿಸಿದವರದ್ದು. ತಿದ್ದುಪಡಿಯ ಫೀಸು, ಅಫಿಡವಿಟ್ಟಿನ ಖರ್ಚು, ಬಸ್ ಚಾರ್ಜು, ಕೂಲಿ ಬಿಟ್ಟ ದಿನ ಇವೆಲ್ಲ ಮಾತ್ರ ನಮ್ಮವು.

ಈ ಲೆಕ್ಕ ತಪ್ಪು ಎನ್ನುವುದೇ ನಮ್ಮ ತಕರಾರು.

ಕನ್ನಡದಲ್ಲಿ ಒಬ್ಬ, ಇಂಗ್ಲಿಷಿನಲ್ಲಿ ನಾಲ್ವರು

ದಿನಾಂಕದ ಗೋಳು ಒಂದಾದರೆ ಹೆಸರಿನ ಗೋಳು ಇನ್ನೊಂದು. ಬಸವರಾಜ ಎಂದು ಕನ್ನಡದಲ್ಲಿ ಬರೆಯಿರಿ. ಬೀದರ್‌ನಿಂದ ಚಾಮರಾಜನಗರದವರೆಗೆ ಯಾರು ಬರೆದರೂ ಅವೇ ಐದು ಅಕ್ಷರ. ಅದೇ ಹೆಸರು ಇಂಗ್ಲಿಷಿಗೆ ಹೋದಾಗ ಒಬ್ಬರು ಕೊನೆಗೆ 'ಎ' ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. ಒಬ್ಬರಿಗೆ ನಡುವಿನ 'ವ' ಎಂದರೆ 'ವಿ', ಇನ್ನೊಬ್ಬರಿಗೆ 'ಡಬ್ಲ್ಯು'. ಮಂಜುನಾಥನಿಗೆ ಒಂದು ಕಾರ್ಡಿನಲ್ಲಿ 'ಎಚ್' ಇದೆ, ಇನ್ನೊಂದರಲ್ಲಿ ಇಲ್ಲ. ಹೊಸ ಕಾರ್ಡ್ ಮಾಡಿಸಿದಾಗಲೆಲ್ಲ ಹೊಸ ಮನುಷ್ಯ ಹುಟ್ಟುತ್ತಾನೆ.

ಪಾಸ್‌ಪೋರ್ಟ್ ಪುಸ್ತಕದಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ. ಕನ್ನಡ ಇಲ್ಲ. ನಮ್ಮ ಹೆಸರು ಯಾವ ಭಾಷೆಯಲ್ಲಿ ಸರಿಯಾಗಿದೆಯೋ ಆ ಭಾಷೆಯನ್ನು ಬದಿಗಿಟ್ಟು, ಗೊಂದಲ ಇರುವ ಭಾಷೆಯಲ್ಲೇ ನಮ್ಮನ್ನು ಅಳೆಯಲಾಗುತ್ತದೆ.

ಅಡ್ಡಹೆಸರಿನ ಸಂಗತಿಯೂ ಹೀಗೇ. ಅರ್ಜಿಯಲ್ಲಿ ಹೆಸರಿಗೊಂದು ಖಾನೆ, ಅಡ್ಡಹೆಸರಿಗೊಂದು ಖಾನೆ. ನಮ್ಮಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ, ಮುಂದೋ ಹಿಂದೋ ಒಂದು ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದರೆ ಉಳಿದ ಕಾರ್ಡುಗಳಿಗೆ ಹೊಂದುವುದಿಲ್ಲ. ಬಿಡಿಸದೆ ಒಂದೇ ಪದದ ಹೆಸರಿನಲ್ಲಿ ಮಾಡಿಸಿಕೊಂಡರೆ ಮುಂದೆ ತೊಡಕು. 2022ರ ನವೆಂಬರ್‌ನಲ್ಲಿ ಯುಎಇ ಸರ್ಕಾರ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ವಿಸಿಟ್ ವೀಸಾ ಮೇಲೆ ಪ್ರವೇಶವಿಲ್ಲ ಎಂದಿತು. ಆಮೇಲೆ ಒಳಪುಟದಲ್ಲಿ ಅಪ್ಪನ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು. ಅರ್ಜಿ ತುಂಬುವ ದಿನ ಇದನ್ನೆಲ್ಲ ನಮಗೆ ಹೇಳುವವರು ಯಾರು?

ಹತ್ತನೇ ಕ್ಲಾಸಿನ ದಾಖಲೆ ಗೊಂದಲವಾದರೆ ಇನ್ನೊಂದು ಪೆಟ್ಟೂ ಇದೆ. ಹತ್ತನೇ ಪಾಸಾದ ಪುರಾವೆ ಇಲ್ಲದವರಿಗೆ ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಕೊಡುತ್ತಾರೆ. ಅಂಥವರು ಸೌದಿ, ಕುವೈತ್, ಕತಾರ್, ಒಮಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದಿಂದ ಬೇರೆ ಅನುಮತಿ ಪಡೆಯಬೇಕು. ಓದಿ ಪಾಸಾದವನು ಕೂಡ ಮಾರ್ಕ್ಸ್ ಕಾರ್ಡಿನ ಒಂದು ಅಕ್ಷರದ ದೆಸೆಯಿಂದ ಆ ಸಾಲಿಗೆ ಹೋಗಿ ನಿಲ್ಲಬೇಕಾಗುತ್ತದೆ.

'ಹಳ್ಳಿಯವರಿಗೆ ಪಾಸ್‌ಪೋರ್ಟ್ ಯಾಕೆ?'

ಈ ಮಾತನ್ನು ನಾವು ಕಚೇರಿಗಳಲ್ಲಿ ಕೇಳಿದ್ದೇವೆ, ನಮ್ಮ ಊರ ಕಟ್ಟೆಯ ಮೇಲೂ ಕೇಳಿದ್ದೇವೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರನ್ನು ಕೇಳಿ ನೋಡಿ. ಗಿಡಮೂಲಿಕೆ, ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿ ಬರುವವರು ಅವರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಗುಂಡಿನ ಕಾಳಗ ಶುರುವಾದಾಗ ಕರ್ನಾಟಕದ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡಿದ್ದ ಸುದ್ದಿ ನೆನಪಿರಬೇಕು. ಆಗ ಭಾರತೀಯರನ್ನು ಕರೆತರಲು ನಡೆದದ್ದೇ ಆಪರೇಷನ್ ಕಾವೇರಿ. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿಯಿಂದ ಬರುವ ದುಡ್ಡಿನಲ್ಲಿ. ಹಜ್ ಯಾತ್ರೆಗೆ ಪಾಸ್‌ಪೋರ್ಟ್ ಬೇಕು. ನರ್ಸಿಂಗ್ ಓದಿದ ಹುಡುಗಿಗೆ ಹೊರದೇಶದ ಆಸ್ಪತ್ರೆಯ ಕೆಲಸಕ್ಕೆ ಬೇಕು. ಪಾಸ್‌ಪೋರ್ಟ್ ನಮಗೆ ಶೋಕಿಯ ವಸ್ತುವಲ್ಲ, ದುಡಿಮೆಯ ಸಾಮಾನು.

ಇದು ಯಾರೋ ಕನಿಕರಪಟ್ಟು ಕೊಡುವ ವಸ್ತುವೂ ಅಲ್ಲ. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯಲ್ಲಿ ಬರುವ ಸ್ವಾತಂತ್ರ್ಯ ಎಂದಿತು. ಪಾಸ್‌ಪೋರ್ಟ್ ಕಾಯ್ದೆ ಹುಟ್ಟಿದ್ದೇ ಆ ತೀರ್ಪಿನ ನಂತರ, ಅದೇ ವರ್ಷದ ಜೂನ್‌ನಲ್ಲಿ. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳಿತು: ಈ ಹಕ್ಕನ್ನು ತಡೆಯುವ ವಿಧಾನ ನ್ಯಾಯವಾಗಿರಬೇಕು, ಮನಸ್ಸಿಗೆ ಬಂದಂತೆ ಇರಬಾರದು. ಪಾಸ್‌ಪೋರ್ಟ್ ಕೊಡುವುದಿಲ್ಲ ಎಂದು ತೀರ್ಮಾನಿಸಿದರೆ ಅಧಿಕಾರಿ ಕಾರಣವನ್ನು ಬರೆದಿಡಬೇಕು ಎಂದು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಮೇಲ್ಮನವಿಗೆ 11ನೇ ಸೆಕ್ಷನ್ ಇದೆ.

ಆದರೆ ಹಳ್ಳಿಯ ಅರ್ಜಿಗಳನ್ನು ಯಾರೂ 'ಇಲ್ಲ' ಎಂದು ನೇರವಾಗಿ ತಳ್ಳಿಹಾಕುವುದಿಲ್ಲ. ಅವು 'ಹೋಲ್ಡ್'ನಲ್ಲಿ ಇರುತ್ತವೆ, 'ಅಂಡರ್ ರಿವ್ಯೂ'ನಲ್ಲಿ ಇರುತ್ತವೆ. ಇಲ್ಲ ಎಂದರೆ ಮೇಲ್ಮನವಿ ಹಾಕಬಹುದು. ನಾಳೆ ಬಾ ಎನ್ನುವುದಕ್ಕೆ ಎಲ್ಲಿ ಮೇಲ್ಮನವಿ?

ಮನಸ್ಸು ಮಾಡಿದರೆ ಆಗುತ್ತದೆ

ಸರ್ಕಾರ ಏನನ್ನೂ ಮಾಡಿಲ್ಲ ಎಂದು ನಾವು ಹೇಳುವುದಿಲ್ಲ. ಮೊದಲು 1989ರ ಜನವರಿ 26 ಅಥವಾ ಅದರ ನಂತರ ಹುಟ್ಟಿದವರೆಲ್ಲ ಜನನ ಪ್ರಮಾಣಪತ್ರವನ್ನೇ ಕೊಡಬೇಕಿತ್ತು. ಮನೆಯಲ್ಲೇ ಹೆರಿಗೆಯಾದ ಹಳ್ಳಿಗಳಲ್ಲಿ ಅದನ್ನು ಎಲ್ಲಿಂದ ತರುವುದು? 2016ರ ಡಿಸೆಂಬರ್‌ನಲ್ಲಿ ಆ ನಿಯಮ ಸಡಿಲವಾಯಿತು. ಶಾಲೆಯ ಟಿ.ಸಿ., ಹತ್ತನೇ ಮಾರ್ಕ್ಸ್ ಕಾರ್ಡ್, ಪ್ಯಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ಇಂಥವುಗಳಲ್ಲಿ ಒಂದನ್ನು ಕೊಟ್ಟರೂ ನಡೆಯುವಂತಾಯಿತು. ಮದುವೆಯಾದವರು ಮದುವೆ ಪ್ರಮಾಣಪತ್ರ ಕೊಡಬೇಕೆಂಬ ಷರತ್ತು ಹೋಯಿತು. ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಕೊಟ್ಟರೆ ಸಾಕು ಎಂದಾಯಿತು. 2017ರ ಜನವರಿ 25ರಂದು ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳು ಶುರುವಾದವು. ಒಂದು ಗುಜರಾತಿನ ದಾಹೋದ್‌ನಲ್ಲಿ, ಇನ್ನೊಂದು ನಮ್ಮ ಮೈಸೂರಿನಲ್ಲಿ.

ಅಂದರೆ ಬಾಗಿಲು ಅಗಲ ಮಾಡಬೇಕು ಅನ್ನಿಸಿದಾಗ ಮಾಡಿದ್ದಾರೆ. ಬಾಗಿಲಿಗೆ ಬರುವ ದಾರಿಯ ಗುಂಡಿಗಳನ್ನು ಮುಚ್ಚಿಲ್ಲ. ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ್ದು, ಶಾಲೆಯ ದಾಖಲೆ ರಾಜ್ಯದ್ದು, ಆಧಾರ್ ಬೇರೊಂದು ಪ್ರಾಧಿಕಾರದ್ದು, ವೋಟರ್ ಐಡಿ ಚುನಾವಣಾ ಆಯೋಗದ್ದು. ಒಬ್ಬರ ತಪ್ಪನ್ನು ಇನ್ನೊಬ್ಬರು ತೋರಿಸುತ್ತಾರೆ. ತಿದ್ದಲು ಮತ್ತೊಬ್ಬರ ಬಳಿ ಕಳಿಸುತ್ತಾರೆ.

ಆಧಾರ್ ವಿಷಯವನ್ನೇ ನೋಡಿ. ಊರೂರಿಗೆ ಕ್ಯಾಂಪ್ ಹಾಕಿ, ಎಲ್ಲದಕ್ಕೂ ಇದೇ ಬೇಕು ಎಂದು ಹೇಳಿ ಮಾಡಿಸಿದರು. ಹುಟ್ಟಿದ ದಿನಾಂಕಕ್ಕೆ ಅದು ಪುರಾವೆಯಲ್ಲ ಎಂದು ಈಗ ಅದನ್ನು ಕೊಡುವ ಪ್ರಾಧಿಕಾರವೇ ಹೇಳುತ್ತದೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಆಧಾರ್ ಬಿಟ್ಟು ಶಾಲೆಯ ಪ್ರಮಾಣಪತ್ರದ ದಿನಾಂಕವನ್ನೇ ಒಪ್ಪಿತು. ಒಳ್ಳೆಯದು. ಪುರಾವೆಯೇ ಅಲ್ಲದ ದಿನಾಂಕ ಬೇರೆ ಇದೆ ಎಂಬ ಕಾರಣಕ್ಕೆ ಅರ್ಜಿ ಯಾಕೆ ನಿಲ್ಲಬೇಕು?

ಭದ್ರತೆಯ ಮಾತು, ನಮ್ಮ ತಪ್ಪಿನ ಮಾತು

ಇದಕ್ಕೆ ಬರುವ ಉತ್ತರ ನಮಗೆ ಗೊತ್ತು. "ಪಾಸ್‌ಪೋರ್ಟ್ ಎಂದರೆ ದೇಶದ ಭದ್ರತೆ. ಸಡಿಲ ಬಿಟ್ಟರೆ ಕಳ್ಳ ಪಾಸ್‌ಪೋರ್ಟ್ ಹೆಚ್ಚುತ್ತವೆ." ಮಾತು ಸುಳ್ಳಲ್ಲ. ಪರಿಶೀಲನೆ ಬೇಡ ಎಂದು ನಾವೂ ಹೇಳುತ್ತಿಲ್ಲ. ಆದರೆ ಕಳ್ಳ ಪಾಸ್‌ಪೋರ್ಟ್ ಮಾಡಿಸುವವನು ಎಲ್ಲ ಕಾಗದಗಳನ್ನೂ ಒಂದೇ ಥರ ಹೊಂದಿಸಿಕೊಂಡೇ ಬರುತ್ತಾನೆ. ಕಾಗದ ಹೊಂದದೆ ಸಿಕ್ಕಿಬೀಳುವವನು ಕುರುಬರ ಓಣಿಯ ಹುಡುಗ. ಅವನ ಹತ್ತೂ ಬೆರಳಿನ ಗುರುತು ಸರ್ಕಾರದ ಬಳಿ ಇದೆ. ಅವನು ಯಾರ ಮಗ ಎಂದು ಠಾಣೆಯ ಪೊಲೀಸರಿಗೆ, ಪಂಚಾಯಿತಿಯವರಿಗೆ, ಕಲಿಸಿದ ಮಾಸ್ತರಿಗೆ ಗೊತ್ತು. ಇಷ್ಟೆಲ್ಲ ಇದ್ದೂ ಒಂದು 'ಎಚ್' ಅವನನ್ನು ಬೇರೆ ಮನುಷ್ಯನನ್ನಾಗಿ ಮಾಡುವುದು ಭದ್ರತೆ ಅನ್ನಿಸಿಕೊಳ್ಳುವುದಿಲ್ಲ.

ನಮ್ಮವರ ತಪ್ಪೇ ಇಲ್ಲವೇ? ಇದೆ. ಮುಂದೆ ನೌಕರಿಗೆ ಅನುಕೂಲ ಆಗಲೆಂದು ವಯಸ್ಸು ಕಡಿಮೆ ಬರೆಸಿದ ಅಪ್ಪಂದಿರಿದ್ದಾರೆ. "ಅದನ್ನ ಬಿಡು, ಬರೀಬ್ಯಾಡ, ಗೊತ್ತಾಗಂಗಿಲ್ಲ" ಎನ್ನುವ ಏಜೆಂಟನ ಮಾತು ಕೇಳಿ ಹಳೆಯ ಪಾಸ್‌ಪೋರ್ಟನ್ನೇ ಮುಚ್ಚಿಟ್ಟವರೂ ಇದ್ದಾರೆ. ಇದನ್ನು ಮಾಡಲೇಬೇಡಿ. ಪಾಸ್‌ಪೋರ್ಟಿಗಾಗಿ ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟರೆ 12ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಗ ಏಜೆಂಟ್ ಫೋನ್ ಎತ್ತುವುದಿಲ್ಲ. ಬೇಕೆಂದು ಸುಳ್ಳು ಹೇಳಿದವನಿಗೆ ಕಾನೂನಿನ ಶಿಕ್ಷೆ ಇದೆ, ಇರಲಿ. ಸುಳ್ಳು ಹೇಳದವನಿಗೆ ಅಲೆದಾಟದ ಶಿಕ್ಷೆ ಬೇಡ.

ನಾವು ಕೇಳುವುದು

ಒಂದು, ತಪ್ಪು ಬರೆದ ಕಚೇರಿಯೇ ಪುಕ್ಕಟೆಯಾಗಿ ತಿದ್ದಲಿ. ಜನನ ನೋಂದಣಿಯಲ್ಲಿನ ತಪ್ಪನ್ನು ನೋಂದಣಾಧಿಕಾರಿಯೇ ತಿದ್ದಬಹುದು ಎಂದು 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಕೈಬರಹದ ತಪ್ಪಿಗೂ "ಕೋರ್ಟಿಗೆ ಹೋಗಿ" ಎಂದು ಸಾಗಹಾಕುವುದು ನಿಲ್ಲಲಿ.

ಎರಡು, ಕನ್ನಡದಲ್ಲಿ ಹೆಸರು ಒಂದೇ ಇದ್ದು ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ಬೇರೆ ಇದ್ದರೆ ಅವರಿಬ್ಬರೂ ಒಬ್ಬರೇ ಎಂದು ಒಂದು ಸ್ವಂತ ಘೋಷಣೆಯ ಮೇಲೆ ಒಪ್ಪಿಕೊಳ್ಳಲಿ.

ಮೂರು, ಪಹಣಿಯ ತಪ್ಪು ತಿದ್ದಲು ಕಂದಾಯ ಅದಾಲತ್ ಮಾಡಿದ ರಾಜ್ಯ ನಮ್ಮದು. ಹೊಲದ ದಾಖಲೆಗೆ ಸಿಕ್ಕ ಮರ್ಯಾದೆ ಮನುಷ್ಯನ ದಾಖಲೆಗೂ ಸಿಗಲಿ. ವರ್ಷಕ್ಕೊಮ್ಮೆ ಹೋಬಳಿ ಮಟ್ಟದಲ್ಲಿ ಶಿಕ್ಷಣ ಇಲಾಖೆ, ಜನನ ನೋಂದಣಿ, ಆಧಾರ್, ಚುನಾವಣಾ ಶಾಖೆ, ಪಾಸ್‌ಪೋರ್ಟ್ ಕಚೇರಿಯವರು ಒಂದೇ ಟೆಂಟಿನಡಿ ಕೂರಲಿ.

ನಾಲ್ಕು, ಅರ್ಜಿ ನಿಂತರೆ ಯಾವ ಕಾಗದ ಬೇಕು, ಎಷ್ಟು ದಿನದೊಳಗೆ ತೀರ್ಮಾನ ಎಂದು ಕನ್ನಡದಲ್ಲಿ ಬರೆದು ಕೊಡಲಿ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದು ನಮ್ಮ ರಾಜ್ಯದ ಸಕಾಲ ಕಾಯ್ದೆಯಲ್ಲಿದೆ. ಒಂದು ದಿನದ ಕೂಲಿಗೂ ಸಾಲದ ಈ ದುಡ್ಡನ್ನು ಕೇಳಿ ಪಡೆದವರು ನಿಮ್ಮೂರಲ್ಲಿ ಎಷ್ಟು ಜನ?

ಅಲ್ಲಿಯವರೆಗೆ ನಾವು ಮಾಡಬೇಕಾದ್ದು

ಸರ್ಕಾರ ಬದಲಾಗುವ ತನಕ ಕೈಕಟ್ಟಿ ಕೂರುವಂತಿಲ್ಲ. ಇವತ್ತು ಸಂಜೆ ಮನೆಯವರ ಎಲ್ಲ ಕಾರ್ಡುಗಳನ್ನು ಚಾಪೆಯ ಮೇಲೆ ಹರವಿ. ಒಬ್ಬೊಬ್ಬರ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನಾಂಕ, ಇಂಗ್ಲಿಷ್ ಸ್ಪೆಲ್ಲಿಂಗ್ ಹೋಲಿಸಿ. ಎಸ್ಸೆಸ್ಸೆಲ್ಸಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರವನ್ನು ಬುನಾದಿ ಮಾಡಿಕೊಳ್ಳಿ. ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಎರಡೇ ಸಲ, ಹುಟ್ಟಿದ ದಿನಾಂಕ ಒಂದೇ ಸಲ ಬದಲಾಯಿಸಲು ಅವಕಾಶ. ಬುನಾದಿ ಕಾಗದ ಕೈಯಲ್ಲಿಲ್ಲದೆ ಆ ಅವಕಾಶ ಬಳಸಬೇಡಿ. ವೋಟರ್ ಐಡಿಗೆ ಫಾರಂ 8. ಎಲ್ಲ ಹೊಂದಿದ ಮೇಲೆಯೇ ಪಾಸ್‌ಪೋರ್ಟ್ ಅರ್ಜಿ.

ಅರ್ಜಿಯಲ್ಲಿ ಈಗ ನಿಜವಾಗಿ ಇರುವ ವಿಳಾಸವನ್ನೇ ಕೊಡಿ. ಬೆಂಗಳೂರಿನಲ್ಲಿ ದುಡಿಯುತ್ತಾ ಊರಿನ ವಿಳಾಸ ಕೊಟ್ಟರೆ ಪೊಲೀಸರು ಬಂದಾಗ ನೀವು ಸಿಗುವುದಿಲ್ಲ, ವರದಿ ಉಲ್ಟಾ ಹೋಗುತ್ತದೆ. 2018ರಿಂದ ದೇಶದ ಯಾವ ಮೂಲೆಯಿಂದಲಾದರೂ ಅರ್ಜಿ ಹಾಕಬಹುದು. ಪೊಲೀಸ್ ವೆರಿಫಿಕೇಷನ್‌ಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಪಾಸ್‌ಪೋರ್ಟಿನ ಸರ್ಕಾರಿ ಜಾಲತಾಣ 'ಗವ್ ಡಾಟ್ ಇನ್' ಎಂದು ಮುಗಿಯುತ್ತದೆ, ಹೆಚ್ಚು ದುಡ್ಡು ಕೇಳುವ ನಕಲಿಗಳಿಂದ ದೂರ ಇರಿ. ವಿಚಾರಿಸಲು ಪುಕ್ಕಟೆ ನಂಬರ್ 1800-258-1800. ಅರ್ಜಿ ತಿಂಗಳುಗಟ್ಟಲೆ ಅಲ್ಲಾಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ನನ್ನ ಫೈಲ್ ಯಾರ ಮೇಜಿನ ಮೇಲಿದೆ, ಯಾವ ಕಾರಣಕ್ಕೆ ನಿಂತಿದೆ? 30 ದಿನದೊಳಗೆ ಉತ್ತರ ಕೊಡಬೇಕು.

ಕೊನೆಯದಾಗಿ, ಚಿಕ್ಕ ಮಕ್ಕಳಿರುವ ಮನೆಯವರು ಗಮನವಿಟ್ಟು ಓದಿ. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ. 2025ರಲ್ಲಿ ಬಂದ ನಿಯಮ ಇದು. ಟಿ.ಸಿ., ಮಾರ್ಕ್ಸ್ ಕಾರ್ಡ್ ಯಾವುದೂ ಆ ಮಕ್ಕಳಿಗೆ ನಡೆಯುವುದಿಲ್ಲ. ಇವತ್ತು ಆ ಪತ್ರದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಇಪ್ಪತ್ತು ವರ್ಷದ ನಂತರ ನಿಮ್ಮ ಮಗಳು ಕೌಂಟರಿನ ಮುಂದೆ ನಿಂತು ಉತ್ತರ ಹೇಳಬೇಕು. ಹುಟ್ಟಿದ 21 ದಿನದೊಳಗೆ ನೋಂದಾಯಿಸಿದರೆ ದುಡ್ಡಿಲ್ಲ. ಒಂದು ವರ್ಷ ದಾಟಿದರೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ನೇಮಿಸಿದ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪತ್ರ ಕೈಗೆ ಬಂದ ದಿನವೇ ಓದಿ. ಇಂಗ್ಲಿಷ್ ಬಾರದಿದ್ದರೆ ಓದು ಬಲ್ಲವರಿಂದ ಓದಿಸಿ. ಮಗುವಿನ ಹೆಸರಿನ ಜಾಗ ಖಾಲಿ ಇದ್ದರೆ ಈಗಲೇ ಸೇರಿಸಿ.

ನಿಮ್ಮ ಊರಿನಲ್ಲಿ ಮುಂದಿನ ಗ್ರಾಮಸಭೆ ಯಾವಾಗ ಎಂದು ಕೇಳಿಟ್ಟುಕೊಳ್ಳಿ. ಅಲ್ಲಿ ಚರಂಡಿ, ಬೀದಿ ದೀಪದ ಜೊತೆ ಇದನ್ನೂ ಎತ್ತಿ. "ನಮ್ಮ ಊರಿನ ದಾಖಲೆ ತಿದ್ದುವ ಅದಾಲತ್ ನಡೆಸಬೇಕು" ಎಂದು ಠರಾವು ಮಾಡಿಸಿ, ಪ್ರತಿ ತೆಗೆದುಕೊಳ್ಳಿ. ಆ ಪ್ರತಿಯನ್ನು ತಹಶೀಲ್ದಾರರಿಗೆ, ಶಾಸಕರಿಗೆ, ಸಂಸದರಿಗೆ ಕಳಿಸಿ. ಒಬ್ಬೊಬ್ಬರೇ ಕೌಂಟರಿಗೆ ಹೋದರೆ ನಾಳೆ ಬಾ ಅನ್ನುತ್ತಾರೆ. ಇಡೀ ಊರಿನ ಸಹಿ ಇರುವ ಕಾಗದಕ್ಕೆ ಆ ಮಾತು ಹೇಳುವುದು ಅಷ್ಟು ಸುಲಭವಲ್ಲ.